ಮೊಬೈಲಿಗೆ ಹೋದ ಪಾಳಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ದವಾಖಾನೆಗೆ ಹೋಗುವುದೆಂದರೆ ಮೊದಲ ಕೆಲಸ ಪಾಳಿ ಹಚ್ಚುವುದು. ಕಂಪೌಂಡರನ ಮುಂದಿನ ವಹಿಯಲ್ಲಿ ಹೆಸರು ಬರೆಸಿ, ನಂಬರು ತಗೊಂಡು ಕಟ್ಟೆಯ ಮೇಲೆ ಕೂತರಾಯಿತು. ಕಣ್ಣು ಮಂಜಾದವರಿಗೂ ಇದರಲ್ಲಿ ತೊಡಕಿಲ್ಲ. ಹೆಸರು ಕೂಗುತ್ತಾರೆ, ಎದ್ದು ಹೋಗುತ್ತಾರೆ. ಕಿವಿ ಮಂದವಾದವರನ್ನು ಪಕ್ಕದವರು ತಟ್ಟಿ ಎಬ್ಬಿಸುತ್ತಾರೆ.

ಆ ವಹಿ ಈಗ ಮೊಬೈಲಿಗೆ ಹೋಗುತ್ತಿದೆ. ದೊಡ್ಡ ಊರಿನ ಆಸ್ಪತ್ರೆಗಳು ವೆಬ್‌ಸೈಟಿನಲ್ಲಿಯೇ ಸಮಯ ಕೊಡುತ್ತವೆ. ಲ್ಯಾಬುಗಳು ರಕ್ತ ಪರೀಕ್ಷೆಯ ವರದಿಯನ್ನು ವಾಟ್ಸ್‌ಆ್ಯಪ್‌ಗೆ ಕಳಿಸುತ್ತವೆ. ಸರ್ಕಾರದ ಇ-ಸಂಜೀವಿನಿ ಸೇವೆಯ ಮೂಲಕ 2019ರಿಂದ ದೂರದ ವೈದ್ಯರನ್ನು ಪರದೆಯ ಮೇಲೆ ಕಾಣಬಹುದಾಗಿದೆ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ ‘ಆಭಾ’ ಆರೋಗ್ಯ ಸಂಖ್ಯೆ ಕೊಡಲು ಹೊರಟಿದೆ. ಹೊರರೋಗಿ ಕೌಂಟರಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಪದ್ಧತಿಯೂ 2022ರಿಂದ ಹರಡುತ್ತಿದೆ. ಈ ಸೀಮೆಯ ನಾಗನೂರಿನಿಂದ ಬೆಳಗಾವಿಗೆ ಬಸ್ಸು ಹಿಡಿದು ಹೋಗಿ, ‘ಡಾಕ್ಟರ್ ಸಾಹೇಬ್ರು ಇವತ್ತ ಇಲ್ಲ’ ಎಂಬ ಮಾತು ಕೇಳಿ ತಿರುಗಿ ಬಂದವರಿಗೆ ಇದರ ಬೆಲೆ ಗೊತ್ತು.

ಆದರೆ ಈ ಹೊಸ ಬಾಗಿಲನ್ನು ಕಟ್ಟುತ್ತಿರುವ ರೀತಿಯಲ್ಲಿ ಒಂದು ಅಪಾಯ ಅಡಗಿದೆ. ಸಕ್ಕರೆ ಕಾಯಿಲೆ ಮತ್ತು ಮುಪ್ಪು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಯಾರ ಕಣ್ಣು ಮಂಜಾಗಿಸಲಿವೆಯೋ, ಯಾರ ಬೆರಳು ನಡುಗಿಸಲಿವೆಯೋ, ಅವರಿಗೇ ಈ ಬಾಗಿಲು ತೆರೆಯುವುದಿಲ್ಲ. ದವಾಖಾನೆಯ ಪುಟವು ತನ್ನ ರೋಗಿಗಳಿಗೇ ಮುಚ್ಚಿಕೊಳ್ಳುವ ಈ ವಿಪರ್ಯಾಸ ಮುಂದೊಮ್ಮೆ ಬರಬಹುದಾದ ಊಹೆಯಲ್ಲ. ಅದರ ಲೆಕ್ಕ ಈಗಾಗಲೇ ನಮ್ಮ ಮುಂದಿದೆ.

ಒಂದೇ ದಿಕ್ಕಿಗೆ ಏರುವ ಎರಡು ಗೆರೆಗಳು

ಮೊದಲ ಗೆರೆ ಕಾಯಿಲೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನ ದೇಶದಾದ್ಯಂತ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ನಗರಗಳಲ್ಲಿ ಶೇ 16.4, ಹಳ್ಳಿಗಳಲ್ಲಿ ಶೇ 8.9. ಹಳ್ಳಿಯವರು ಇಷ್ಟಕ್ಕೇ ನಿಟ್ಟುಸಿರು ಬಿಡುವಂತಿಲ್ಲ. ಮಧುಮೇಹದ ಹೊಸ್ತಿಲಲ್ಲಿ ನಿಂತವರ, ಅಂದರೆ ಪೂರ್ವಮಧುಮೇಹಿಗಳ ಪ್ರಮಾಣ ನಗರದಲ್ಲಿ ಶೇ 15.4 ಇದ್ದರೆ ಹಳ್ಳಿಯಲ್ಲಿ ಶೇ 15.2. ಇವತ್ತಿನ ಅಂತರ ನಾಳೆ ಉಳಿಯುವುದಿಲ್ಲ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಮಧುಮೇಹ ಕಣ್ಣಿನ ಹಿಂಪರದೆಯ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ನಾಳಗಳು ಸೋರುತ್ತವೆ, ಊದಿಕೊಳ್ಳುತ್ತವೆ, ಕೊನೆಗೆ ದುರ್ಬಲವಾದ ಹೊಸ ನಾಳಗಳು ಬೆಳೆದು ಒಡೆಯುತ್ತವೆ. ಮೊದಮೊದಲು ನೋವಿಲ್ಲ, ಮಸುಕಿಲ್ಲ. ಗೊತ್ತಾಗುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. 2022ರಲ್ಲಿ ಪ್ರಕಟವಾದ ‘ಸ್ಮಾರ್ಟ್ ಇಂಡಿಯಾ’ ಅಧ್ಯಯನ 40 ದಾಟಿದ ಸುಮಾರು 42 ಸಾವಿರ ಜನರನ್ನು ತಪಾಸಣೆಗೆ ಒಳಪಡಿಸಿತು. ಅವರಲ್ಲಿ ಮಧುಮೇಹ ಇದ್ದವರ ಪೈಕಿ ಶೇ 12.5ರಷ್ಟು ಮಂದಿಗೆ ಹಿಂಪರದೆಯ ತೊಂದರೆ ಕಂಡುಬಂತು. ಶೇ 4ರಷ್ಟು ಮಂದಿಯಲ್ಲಿ ಅದು ದೃಷ್ಟಿಗೇ ಸಂಚಕಾರ ತರುವ ಹಂತ ಮುಟ್ಟಿತ್ತು.

ಇದಕ್ಕೆ ಮುಪ್ಪು ಸೇರಿಸಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಪ್ರಕಾರ 2050ರ ಹೊತ್ತಿಗೆ ಭಾರತದ ಐವರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ. ಅದೇ ವರ್ಷದ ಹೊತ್ತಿಗೆ ಜಗತ್ತಿನಲ್ಲಿ 70 ಕೋಟಿಗೂ ಹೆಚ್ಚು ಜನರಿಗೆ ಕಿವುಡುತನಕ್ಕೆ ಚಿಕಿತ್ಸೆ ಅಥವಾ ನೆರವು ಬೇಕಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ ಎಂದು ದಾಖಲಾಗಿತ್ತು. ಅದು ಏಳು ಬಗೆಯ ವೈಕಲ್ಯಗಳನ್ನಷ್ಟೇ ಪಟ್ಟಿ ಮಾಡುತ್ತಿದ್ದ ಹಳೆಯ ಕಾನೂನಿನ ಕಾಲದ ಎಣಿಕೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ.

ಎರಡನೆಯ ಗೆರೆ ಪರದೆಯದು. ದಿನಗಳೆದಂತೆ ಕೌಂಟರು ಚಿಕ್ಕದಾಗುತ್ತದೆ, ಪರದೆ ದೊಡ್ಡದಾಗುತ್ತದೆ. ಹೀಗಿದ್ದೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಂದಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದ ಭಾರತದ ಮಹಿಳೆಯರು ಶೇ 33.3 ಮಾತ್ರ, ಗಂಡಸರು ಶೇ 57.1. ಅದೂ 15ರಿಂದ 49ರ ಪ್ರಾಯದವರ ಲೆಕ್ಕ. ಅಜ್ಜ, ಅಜ್ಜಿ ಆ ಲೆಕ್ಕದಲ್ಲೇ ಇಲ್ಲ.

ಕಿವಿಯಿಂದ ಓದುವ ಪುಟ

ಕಣ್ಣಿಲ್ಲದವರು ಮೊಬೈಲು ಹೇಗೆ ಬಳಸುತ್ತಾರೆ ಎಂಬುದು ವೆಬ್‌ಸೈಟ್ ಮಾಡಿಸುವ ಎಷ್ಟೋ ಆಸ್ಪತ್ರೆ ಮಾಲೀಕರಿಗೆ ಗೊತ್ತಿರುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಓದುಗ ತಂತ್ರಾಂಶ ಮೊದಲೇ ಇರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ಈ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಇವು ಪರದೆಯ ಚಿತ್ರವನ್ನು ನೋಡುವುದಿಲ್ಲ. ಪುಟದ ಹಿಂದಿರುವ ಸಂಕೇತಗಳನ್ನು ಓದಿ ಹೇಳುತ್ತವೆ.

ಹಾಗಾಗಿ ಪುಟ ಕಟ್ಟಿದವರು ಗುಂಡಿಗೆ ಹೆಸರು ಕೊಟ್ಟಿದ್ದರೆ ‘ಪಾಳಿ ಹಚ್ಚಿ, ಬಟನ್’ ಎಂದು ಕೇಳುತ್ತದೆ. ಬರೀ ಕ್ಯಾಲೆಂಡರಿನ ಚಿತ್ರ ಅಂಟಿಸಿ ಬಿಟ್ಟಿದ್ದರೆ ‘ಬಟನ್’ ಎಂದಷ್ಟೇ ಕೇಳುತ್ತದೆ. ಅಂಥ ಎಂಟು ಗುಂಡಿಗಳಿದ್ದರೆ ‘ಬಟನ್, ಬಟನ್, ಬಟನ್’. ಬೋರ್ಡಿಲ್ಲದ ಎಂಟು ಕೋಣೆಗಳ ದವಾಖಾನೆಯಲ್ಲಿ ನಿಂತಂತೆ.

ಈ ದೋಷ ಎಲ್ಲೋ ಒಂದೆರಡು ಕಡೆ ಇರುವುದಲ್ಲ. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಜಗತ್ತಿನ ಹತ್ತು ಲಕ್ಷ ಜನಪ್ರಿಯ ವೆಬ್‌ಸೈಟುಗಳ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸುತ್ತದೆ. 2025ರಲ್ಲಿ ಶೇ 94.8ರಷ್ಟು ಪುಟಗಳಲ್ಲಿ ತಪ್ಪುಗಳು ಸಿಕ್ಕವು. ಪುಟಕ್ಕೆ ಸರಾಸರಿ 51. ಶೇ 79.1ರಷ್ಟು ಪುಟಗಳಲ್ಲಿ ಅಕ್ಷರದ ಬಣ್ಣ ಹಿನ್ನೆಲೆಯಲ್ಲಿ ಕರಗಿಹೋಗುವಷ್ಟು ಮಸುಕು. ಶೇ 55.5ರಲ್ಲಿ ಚಿತ್ರಗಳಿಗೆ ವಿವರಣೆ ಇಲ್ಲ. ಶೇ 48.2ರಲ್ಲಿ ಅರ್ಜಿಯ ಖಾಲಿ ಜಾಗಗಳಿಗೆ ಹೆಸರಿಲ್ಲ. ಇವು ಯಂತ್ರಕ್ಕೆ ಸಿಕ್ಕ ತಪ್ಪುಗಳು ಮಾತ್ರ. ಮನುಷ್ಯರು ಕೂತು ಬಳಸಿ ನೋಡಿದರೆ ಇನ್ನೂ ಹೆಚ್ಚು ಸಿಗುತ್ತವೆ.

ಪಾಳಿಯಿಂದ ಮಾತ್ರೆಯ ತನಕ

ನಾಗನೂರಿನ ಅರವತ್ತೆರಡರ ಕಬ್ಬು ಬೆಳೆಗಾರರೊಬ್ಬರನ್ನು ಕಲ್ಪಿಸಿಕೊಳ್ಳಿ. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಬಲಗಣ್ಣು ಪೂರ್ತಿ ಮಸುಕು, ಎಡಗಣ್ಣು ಅರ್ಧ. ಮಗ ಪುಣೆಯಲ್ಲಿ. ಕಾರ್ಖಾನೆಗೆ ಕಬ್ಬು ಸಾಗಿಸುವ ಹಂಗಾಮಿನ ನಡುವೆ ಬಿಡುವು ಮಾಡಿಕೊಂಡು ಅವರು ಕಣ್ಣಿನ ತಪಾಸಣೆಗೆ ಪಾಳಿ ಹಚ್ಚಬೇಕು.

ಪುಟ ತೆರೆದುಕೊಳ್ಳುತ್ತದೆ. ತಿಳಿಬೂದು ಅಕ್ಷರ, ಬಿಳಿ ಹಿನ್ನೆಲೆ. ಎರಡು ಬೆರಳಿನಿಂದ ಹಿಗ್ಗಿಸಲು ಹೋದರೆ ಪುಟ ಹಿಗ್ಗುವುದಿಲ್ಲ. ವಿನ್ಯಾಸ ಕೆಡುತ್ತದೆಂದು ಮಾಡಿದವರು ಬೀಗ ಹಾಕಿದ್ದಾರೆ. ದಿನಾಂಕದ ಚೌಕಗಳು ಸಾಸಿವೆ ಕಾಳಿನಷ್ಟು, ನಡುಗುವ ಬೆರಳು ಮಂಗಳವಾರದ ಬದಲು ಬುಧವಾರವನ್ನು ಒತ್ತುತ್ತದೆ. ಖಾಲಿ ಇರುವ ಸಮಯ ಹಸಿರು, ತುಂಬಿದ್ದು ಕೆಂಪು; ಬಣ್ಣ ಬಿಟ್ಟರೆ ಬೇರೆ ಗುರುತಿಲ್ಲ. ಓಟಿಪಿ ಬರುತ್ತದೆ. ಅದನ್ನು ಹುಡುಕಿ, ಓದಿ, ತಿರುಗಿ ಬಂದು ಒತ್ತುವಷ್ಟರಲ್ಲಿ ‘ಸಮಯ ಮೀರಿದೆ’. ಎರಡು ಸಲ ಹೀಗಾದ ಮೇಲೆ ಅವರು ಮೊಬೈಲು ಬದಿಗಿಡುತ್ತಾರೆ. ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ಹಿಂಪರದೆಯ ಸೋರಿಕೆ ಮುಂದಿನ ತಿಂಗಳಿಗೆ ಕಾಯುವುದಿಲ್ಲ.

ಪಾಳಿ ಸಿಕ್ಕರೂ ಅಡ್ಡಿ ಮುಗಿಯುವುದಿಲ್ಲ. ಲ್ಯಾಬಿನವರು ಮುದ್ರಿತ ವರದಿಯ ಫೋಟೊ ತೆಗೆದು ಕಳಿಸಿದರೆ ಓದುಗ ತಂತ್ರಾಂಶಕ್ಕೆ ಅದು ಬರೀ ಚಿತ್ರ. ಔಷಧದ ಚೀಟಿಯ ಮಸುಕು ಅಕ್ಷರದಲ್ಲಿ 0.5ರ ಚುಕ್ಕೆ ಕಾಣದೆ ಹೋದರೆ ಅದು 5 ಆಗುತ್ತದೆ. ಔಷಧದ ಪ್ರಮಾಣದಲ್ಲಿ ಹತ್ತು ಪಟ್ಟಿನ ಅಂತರ. ‘ನಮ್ಮವರು ಫೋನ್ ಮಾಡಿ ಖಚಿತಪಡಿಸುತ್ತಾರೆ’ ಎಂಬ ಸಾಲು ಕಿವುಡರಿಗೆ ಮುಚ್ಚಿದ ಬಾಗಿಲು. ಶಸ್ತ್ರಚಿಕಿತ್ಸೆಗೆ ಮೊದಲು ಏನು ಉಣ್ಣಬೇಕು, ಏನು ಬಿಡಬೇಕು ಎಂದು ವೈದ್ಯರು ವಿಡಿಯೊದಲ್ಲಿ ಎಷ್ಟು ಚೆನ್ನಾಗಿ ಹೇಳಿದರೂ ಅಡಿಬರಹವಿಲ್ಲದಿದ್ದರೆ ಅವರ ಮಟ್ಟಿಗೆ ಅದು ತುಟಿಯಾಟ.

ಇನ್ನೊಂದು ಹಾನಿ ಲೆಕ್ಕಕ್ಕೇ ಸಿಗುವುದಿಲ್ಲ. ಪುಟ ಬಳಸಲಾಗದವರು ಬೇರೆಯವರ ಕೈಗೆ ಮೊಬೈಲು ಕೊಡಬೇಕು. ಚಿಕ್ಕ ಊರಿನಲ್ಲಿ ಆ ಬೇರೆಯವರು ನೆರೆಮನೆಯ ಹುಡುಗನೋ ಝೆರಾಕ್ಸ್ ಅಂಗಡಿಯವನೋ ಆಗಿರುತ್ತಾನೆ. ಗರ್ಭದ ಪರೀಕ್ಷೆ, ಎಚ್‌ಐವಿ ವರದಿ, ಮಾನಸಿಕ ಆರೋಗ್ಯದ ಚೀಟಿ ಮೊದಲು ಅವನ ಕಣ್ಣಿಗೆ ಬೀಳುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ದಿನಾ ಸಾರುತ್ತಿರುವಾಗ, ದವಾಖಾನೆಯ ಪುಟ ಅದನ್ನು ಹೇಳುವ ಅಭ್ಯಾಸ ಮಾಡಿಸುತ್ತದೆ.

ಕನ್ನಡದ್ದೇ ಆದ ತೊಡಕು

ಪರದೇಶದ ಮಾರ್ಗಸೂಚಿಗಳಲ್ಲಿ ಸಿಗದ ಒಂದು ಸಮಸ್ಯೆ ನಮ್ಮದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಣ್ಣಿಗೆ ಚೊಕ್ಕ ಕನ್ನಡ. ಒಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಮುದ್ರಣಕ್ಕೆ ಇದರಿಂದ ತೊಂದರೆಯಿರಲಿಲ್ಲ. ಆದರೆ ಅದೇ ಕಡತವನ್ನು ಪಿಡಿಎಫ್ ಮಾಡಿ ವೆಬ್‌ಸೈಟಿಗೆ ಏರಿಸಿದರೆ ಓದುಗ ತಂತ್ರಾಂಶ ಆ ರಾಶಿಯನ್ನೇ ಗಿಣಿಪಾಠ ಒಪ್ಪಿಸುತ್ತದೆ. ಎರಡೂ ತಂತ್ರಾಂಶಗಳು ಯೂನಿಕೋಡ್‌ಗೆ ಬಂದು ವರ್ಷಗಳಾದರೂ ಹಳೆಯ ಫಾಂಟಿನ ಕಡತಗಳು ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಜೀವಂತ. ಪರೀಕ್ಷೆ ಸುಲಭ: ಪುಟದ ಒಂದು ಸಾಲು ನಕಲು ಮಾಡಿ ಮೊಬೈಲಿನ ಸಂದೇಶದಲ್ಲಿ ಅಂಟಿಸಿ. ಕನ್ನಡ ಬಂದರೆ ಸರಿ, ಚೂರುಪಾರು ಚಿಹ್ನೆ ಬಂದರೆ ಆ ಪುಟ ಅಂಧರ ಪಾಲಿಗೆ ಮೂಕ.

ಲಿಪಿಯ ಸ್ವಭಾವವೂ ಗಮನಕ್ಕೆ ಬರಬೇಕು. ‘ದ’ಕ್ಕೂ ‘ಧ’ಕ್ಕೂ, ‘ಪ’ಕ್ಕೂ ‘ಫ’ಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುಡಿಸುಗಳು ಮೇಲೇರುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಅಕ್ಷರದ ಗಾತ್ರ ಮತ್ತು ಸಾಲಿನ ಅಂತರವನ್ನೇ ಕನ್ನಡಕ್ಕೆ ತೊಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗಿ ಮಂದದೃಷ್ಟಿಯವರಿಗೆ ಎಲ್ಲವೂ ಕಲಸಿದಂತೆ ಕಾಣುತ್ತದೆ. ಜತೆಗೆ, ಪುಟದ ಭಾಷೆ ಕನ್ನಡ ಎಂಬ ಗುರುತನ್ನು ಸಂಕೇತದಲ್ಲಿ ಹಾಕದಿದ್ದರೆ ತಂತ್ರಾಂಶ ಕನ್ನಡದ ಸಾಲಿಗೆ ಇಂಗ್ಲಿಷ್ ದನಿ ಹಚ್ಚುವ ಸಂಭವವಿದೆ. ಈ ಗುರುತು ಹಾಕಲು ಒಂದು ಪದದಷ್ಟೂ ಶ್ರಮವಿಲ್ಲ. ಆದರೂ ವೆಬ್‌ಏಮ್ ನೋಡಿದ ಪುಟಗಳಲ್ಲಿ ಶೇ 15.8ರಲ್ಲಿ ಭಾಷೆಯ ಗುರುತೇ ಇರಲಿಲ್ಲ.

ಒಮ್ಮೆ ಆಗಿ ಹೋದದ್ದು

ಇದೆಲ್ಲ ಅತಿಯಾಯಿತು ಎನ್ನುವವರು 2021ನ್ನು ನೆನಪಿಸಿಕೊಳ್ಳಲಿ. ಆ ವರ್ಷದ ಮೇ 1ರಂದು 18ರಿಂದ 44ರ ವಯಸ್ಸಿನವರಿಗೆ ಕೋವಿಡ್ ಲಸಿಕೆ ಆರಂಭವಾದಾಗ ಕೋವಿನ್ ತಾಣದಲ್ಲಿ ನೋಂದಣಿ ಕಡ್ಡಾಯವಾಗಿತ್ತು. ಸುಪ್ರೀಂ ಕೋರ್ಟ್ ಮೇ 31ರ ತನ್ನ ಆದೇಶದಲ್ಲಿ ಆ ತಾಣ ದೃಷ್ಟಿಹೀನರಿಗೆ ಎಲ್ಲೆಲ್ಲಿ ಅಡ್ಡಿಯಾಗಿದೆ ಎಂದು ಪಟ್ಟಿ ಮಾಡಿತು: ಕ್ಯಾಪ್ಚಾವನ್ನು ಕೇಳಿ ತಿಳಿಯುವ ದಾರಿಯಿಲ್ಲ, ವಯಸ್ಸು ಮತ್ತು ಲಸಿಕೆಯ ಆಯ್ಕೆಗಳು ಓದುಗ ತಂತ್ರಾಂಶಕ್ಕೆ ಸಿಗುವುದಿಲ್ಲ, ಕೀಲಿಮಣೆಯಿಂದ ಚಲಿಸಲಾಗುವುದಿಲ್ಲ, ತಾನಾಗಿ ಹೊರದೂಡುವ ಮುನ್ನ ಸಾಕಷ್ಟು ಸಮಯ ಕೊಡುವುದಿಲ್ಲ. ತಾಣವನ್ನು ಅಂಗವಿಕಲರ ದೃಷ್ಟಿಯಿಂದ ತಪಾಸಣೆ ಮಾಡಿಸಲು ಕೋರ್ಟು ಸೂಚಿಸಿತು. ಮುಂದೆ ಲಸಿಕಾ ಕೇಂದ್ರದಲ್ಲೇ ನೋಂದಣಿಗೆ ಅವಕಾಶವಾಯಿತು. ಆದರೆ ಎರಡನೆಯ ಅಲೆ ಊರೂರು ಸುತ್ತುತ್ತಿದ್ದ ವಾರಗಳವು. ಆಗ ತಡವಾದ ಒಂದೊಂದು ದಿನಕ್ಕೂ ಬೆಲೆಯಿತ್ತು.

ಖಾಸಗಿ ಆರೋಗ್ಯ ಸೇವೆಯ ನಿದರ್ಶನ ನಮ್ಮ ರಾಜ್ಯದ್ದೇ ಇದೆ. ವೈದ್ಯರ ಭೇಟಿ ಗೊತ್ತುಮಾಡಿಕೊಡುವ ಬೆಂಗಳೂರಿನ ಪ್ರಾಕ್ಟೊ ಆ್ಯಪ್ ತಮಗೆ ಬಳಸಲು ಆಗುತ್ತಿಲ್ಲ ಎಂದು ದೃಷ್ಟಿದೋಷವುಳ್ಳ ವಕೀಲ ರಾಹುಲ್ ಬಜಾಜ್ ಅಂಗವಿಕಲರ ಮುಖ್ಯ ಆಯುಕ್ತರಿಗೆ ದೂರು ಕೊಟ್ಟರು. ಸುಗಮ್ಯತೆಯ, ಅಂದರೆ ಅಂಗವಿಕಲರೂ ಬಳಸುವಂತಿರಬೇಕೆಂಬ ನಿಯಮಗಳು ಸರ್ಕಾರಿ ತಾಣಗಳಿಗೆ ಮಾತ್ರವಲ್ಲ, ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ ಎಂದು 2022ರಲ್ಲಿ ಆಯುಕ್ತರ ಆದೇಶ ಬಂತು.

ಆಮೇಲೆ ಕಾನೂನಿನ ಬಿಗಿ ಹೆಚ್ಚುತ್ತಲೇ ಇದೆ. ಸುಗಮ್ಯತೆಯನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ ನಿಯಮವು ಮೂಲ ಕಾಯ್ದೆಗೇ ವಿರುದ್ಧ ಎಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಏಪ್ರಿಲ್ 30ರಂದು, ಆ್ಯಸಿಡ್ ದಾಳಿಗೊಳಗಾದವರು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಗುರುತು ದೃಢೀಕರಣದಲ್ಲಿ ಸೋತುಹೋದ ಪ್ರಕರಣದಲ್ಲಿ, ಡಿಜಿಟಲ್ ಸೇವೆಯ ಲಭ್ಯತೆ ಬದುಕುವ ಹಕ್ಕಿನ ಭಾಗ ಎಂದು ಅದೇ ಕೋರ್ಟು ಸಾರಿತು. ಮುಖ ತೋರಿಸಿ ಗುರುತು ದೃಢೀಕರಿಸುವ ಪದ್ಧತಿ ಆರೋಗ್ಯ ಕಾರ್ಡುಗಳಿಗೂ ಬಂದಿರುವಾಗ ಆ ತೀರ್ಪು ದವಾಖಾನೆಗಳಿಗೂ ಎಚ್ಚರಿಕೆಯೇ. 2016ರ ಕಾಯ್ದೆಯ 89ನೆಯ ಸೆಕ್ಷನ್ ಪ್ರಕಾರ ಮೊದಲ ಉಲ್ಲಂಘನೆಗೆ 10 ಸಾವಿರ ರೂಪಾಯಿವರೆಗೆ ದಂಡ. ಆಮೇಲಿನದಕ್ಕೆ 50 ಸಾವಿರದಿಂದ 5 ಲಕ್ಷ.

ಕಟ್ಟುವಾಗಲೇ ಸರಿಮಾಡಿ

‘ನಮ್ಮಲ್ಲಿ ಅಂಥ ರೋಗಿಗಳು ಬರುವುದೇ ಇಲ್ಲ’ ಎಂಬ ಮಾತು ಸಾಮಾನ್ಯ. ಮೆಟ್ಟಿಲಷ್ಟೇ ಇರುವ ಕಟ್ಟಡಕ್ಕೆ ಗಾಲಿಕುರ್ಚಿ ಬರುವುದಿಲ್ಲ ಎಂದಂತೆ ಅದು. ‘ಮಕ್ಕಳು ಮಾಡಿಕೊಡುತ್ತಾರೆ’ ಎಂಬ ಮಾತಿಗೆ ಪುಣೆ, ಬೆಂಗಳೂರಿಗೆ ಗುಳೆ ಹೋದ ಮಕ್ಕಳೇ ಉತ್ತರ.

ಇನ್ನು ಕೆಲವರು ಸುಲಭದ ಮದ್ದು ಮಾರುತ್ತಾರೆ. ಒಂದು ಸಾಲಿನ ಸಂಕೇತ ಅಂಟಿಸಿ, ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿಹ್ನೆ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ಇಂಥ ಸಾಧನ ಮಾರುವ ಆಕ್ಸೆಸಿಬಿ ಎಂಬ ಕಂಪನಿಯ ಪ್ರಚಾರ ದಾರಿತಪ್ಪಿಸುವಂಥದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2025ರಲ್ಲಿ ಅದರಿಂದ ಹತ್ತು ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಹೆಸರಿಲ್ಲದ ಗುಂಡಿಗೆ ಹೆಸರನ್ನೇ ಕೊಡಬೇಕು. ಮೇಲೆ ಬಣ್ಣ ಬಳಿದರೆ ಒಳಗಿನ ಬಿರುಕು ಮುಚ್ಚದು.

ನಿಜವಾದ ರಿಪೇರಿ ದುಬಾರಿಯಲ್ಲ, ಕಟ್ಟುವಾಗಲೇ ಮಾಡಿದರೆ. ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾನದಂಡ 2023ರಲ್ಲಿ 2.2ನೆಯ ಆವೃತ್ತಿ ಕಂಡಿದೆ. ನಮ್ಮ ದೇಶದ್ದೇ ಆದ ಐಎಸ್ 17802 ಮಾನದಂಡವೂ ಇದೆ. ಅವುಗಳ ಸಾರ ಯಾವ ಆಸ್ಪತ್ರೆ ಮಾಲೀಕರಿಗೂ ಅರ್ಥವಾಗುವಂಥದು. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಲಿ. ಎರಡು ಪಟ್ಟು ಹಿಗ್ಗಿಸಿದರೂ ಪುಟ ಮುರಿಯದಿರಲಿ. ಬೆರಳು ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ ಇರಲಿ. ಮುದಿಬೆರಳಿಗೆ ಅದರ ಎರಡರಷ್ಟಿದ್ದರೆ ಇನ್ನೂ ಒಳ್ಳೆಯದು. ಬಣ್ಣದ ಜೊತೆಗೆ ‘ಖಾಲಿ’, ‘ತುಂಬಿದೆ’ ಎಂಬ ಮಾತೂ ಇರಲಿ. ಓಟಿಪಿಗೆ ಸಮಯ ಹೆಚ್ಚಿಸಿಕೊಳ್ಳುವ ದಾರಿ ಇರಲಿ. ಫೋನ್ ನಂಬರಿನ ಜೊತೆ ಸಂದೇಶ ಕಳಿಸುವ ದಾರಿಯೂ ಇರಲಿ. ವರದಿಯನ್ನು ಫೋಟೊ ಬದಲು ಅಕ್ಷರರೂಪದಲ್ಲೇ ಕಳಿಸಿ.

ಪರೀಕ್ಷೆಗೆ ಬೆಂಗಳೂರಿನಿಂದ ತಜ್ಞರೇ ಬರಬೇಕೆಂದಿಲ್ಲ. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಚ್ಚಿ, ಕಣ್ಣು ಮುಚ್ಚಿ ಪಾಳಿ ಹಚ್ಚಲು ಪ್ರಯತ್ನಿಸಿ. ಕಂಪ್ಯೂಟರಿನಲ್ಲಿ ಮೌಸ್ ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯಿಂದಲೇ ಪುಟ ದಾಟಿ ನೋಡಿ. ಪರದೆಯನ್ನು ಕಪ್ಪುಬಿಳುಪು ಮಾಡಿ ಖಾಲಿ ಸಮಯ ಯಾವುದೆಂದು ಗುರುತಿಸಿ. ಇಷ್ಟಕ್ಕೆ ಹದಿನೈದು ನಿಮಿಷ ಸಾಕು. ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಊರಲ್ಲೇ ಇದ್ದಾರೆ: ಅಂಗವಿಕಲರ ಮನೆ ಮನೆ ಬಲ್ಲ ಗ್ರಾಮೀಣ ಮತ್ತು ನಗರ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಗಳು ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ 5ರ ನಿಧಿಯಲ್ಲಿ ಒಂದಿಷ್ಟನ್ನು ಇಂಥ ತಪಾಸಣೆ ಮತ್ತು ಮೊಬೈಲು ತರಬೇತಿಗೆ ಬಳಸಲು ಆಗದೇ ಎಂದು ಕೇಳಬೇಕಾದವರು ನಾವು.

ಈ ಭಾಗದ ಸಣ್ಣ ದವಾಖಾನೆಗಳಿಗೆ ಒಂದು ಅನುಕೂಲವಿದೆ. ದೊಡ್ಡ ಆಸ್ಪತ್ರೆಗಳು ಹಳೆಯ ಪುಟಗಳನ್ನು ಕೆಡವಿ ಕಟ್ಟಬೇಕು. ಇವರಲ್ಲಿ ಅನೇಕರು ಮೊದಲ ಪುಟವನ್ನು ಇನ್ನು ಮುಂದೆ ಕಟ್ಟಿಸುವವರು. ಕಟ್ಟಿಕೊಡಲು ಬಂದ ಹುಡುಗನಿಗೆ ದರ ಕೇಳುವ ಮೊದಲು ಮೇಲಿನ ಮಾತುಗಳನ್ನು ಕರಾರಿನಲ್ಲಿ ಬರೆಸಿಕೊಳ್ಳಲಿ.

ಆಮೇಲೆ, ಪುಟ ತೆರೆಯುವ ದಿನ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಬರುತ್ತಿರುವ ಹಳೆಯ ರೋಗಿಯೊಬ್ಬರ ಕೈಗೆ ಮೊಬೈಲು ಕೊಟ್ಟು ಹೇಳಲಿ: ‘ಅಜ್ಜಾ, ಒಂದ ಪಾಳಿ ಹಚ್ಚಿ ನೋಡ್ರಿ.’ ಅವರು ಮೊಮ್ಮಗನನ್ನು ಕರೆದರೆ ಪುಟ ಇನ್ನೂ ಸಿದ್ಧವಾಗಿಲ್ಲ. ಸಿದ್ಧವಾಗುವ ತನಕ ಆ ಹಳೆಯ ವಹಿ ಮೇಜಿನ ಮೇಲೆಯೇ ಇರಲಿ.